ನೆಟ್ಟಗೆ ನಿಂತ ಸ್ಕ್ರೂಗಳು

ಸೋಮವಾರ ಬೆಳಗ್ಗೆ 9.40ಕ್ಕೆ ಠಾಣೆಗೆ ನುಗ್ಗಿದ ಹಳೇ ಬಂದೂಕುಗಳ ಸಂಗ್ರಹಕಾರ ಕೂರಲೂ ಇಲ್ಲ. ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಒಂಟಿ ನಳಿಕೆಯ ಟ್ರ್ಯಾಪ್ ಬಂದೂಕು, ತೊಂಬತ್ತು ವರ್ಷ ಹಳೆಯದು, ಹನ್ನೊಂದು ವರ್ಷ ಬೆನ್ನುಹತ್ತಿ ಕಳೆದ ತಿಂಗಳಷ್ಟೇ ಸಂಪಾದಿಸಿದ್ದು, ಬೀಗ ಹಾಕಿದ ಕಪಾಟಿನಿಂದ ಮಾಯವಾಗಿತ್ತು. ಭಾನುವಾರ ಹಗಲು ಮನೆಯಲ್ಲಿ ಯಾರೂ ಇರಲಿಲ್ಲ.

“ನಿಮ್ಮ ಕೈಲಿ ಆಗದಿದ್ರೆ ಈಗಲೇ ಹೇಳ್ಬಿಡಿ. ಮೇಲಿನವರ ಹತ್ರ ಮಾತಾಡ್ತೀನಿ.”

ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಆದರೂ ಎಫ್‌ಐಆರ್ ದಾಖಲಿಸಿ, 10.30ಕ್ಕೆ ಹೆಡ್ ಕಾನ್‌ಸ್ಟೆಬಲ್ ಮತ್ತು ಪಂಚರನ್ನು ಕರೆದುಕೊಂಡು ಅವನ ಮನೆ ಮುಟ್ಟಿದ.

ಹಿಂಬಾಗಿಲ ಚಿಲಕ ಕಿತ್ತಿತ್ತು. ಕಪಾಟಿನ ಬೀಗ ಮಾತ್ರ ಹಾಕಿದ್ದು ಹಾಗೇ ಇತ್ತು.

“ಬಂದೂಕನ್ನ ಬೇರೆ ಯಾರು ಮುಟ್ಟಿದ್ರು?”

“ರಿಪೇರಿಯವನು ಮನೆಗೇ ಬಂದು ಎಣ್ಣೆ ಹಾಕಿ ಹೋಗಿದ್ದ. ಅವನಿಗೂ ಹೇಳಿದ್ದೆ, ಇವತ್ತು ಬಡಗಿ ಬರೋನಿದ್ದ, ಬಂದೂಕಿನ ಮರದ ಬುಡದಲ್ಲಿ ಎರಡಿಂಚು ಕೊಯ್ಯೋಕೆ.”

“ಕೊಯ್ಯೋಕಾ?” ಹೆಡ್ ಕಾನ್‌ಸ್ಟೆಬಲ್ ಬಾಯಿ ತೆರೆದವಳು ತೆರೆದೇ ಇದ್ದಳು.

“ಕಪಾಟಲ್ಲಿ ನೆಟ್ಟಗೆ ನಿಲ್ತಿರಲಿಲ್ಲ, ಓರೆಯಾಗಿ ತುರುಕಿದ್ದೆ.”

“ಕಪಾಟನ್ನೇ ಉದ್ದ ಮಾಡಿಸಬಹುದಿತ್ತಲ್ಲ ಸಾರ್?”

“ತೇಗದ್ದು ಕಣ್ರೀ ಅದು! ಬಂದೂಕು ನಂದು. ಕೊಯ್ತೀನಿ, ಒಲೆಗೆ ಹಾಕ್ತೀನಿ, ನಿಮಗೇನು?”

ಇನ್‌ಸ್ಪೆಕ್ಟರ್ ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಎಡಬಾಗಿಲಿನ ಸ್ಕ್ರೂಗಳ ತಲೆಯ ಗೀರುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಬಲಬಾಗಿಲಿನ ಹನ್ನೆರಡೂ ಗೀರುಗಳು ಮಾತ್ರ ಮೇಲಿಂದ ಕೆಳಕ್ಕೆ ನೆಟ್ಟಗೆ ನಿಂತಿದ್ದವು. ಕಳ್ಳ ಕೀಲು ಬಿಚ್ಚಿ ಬಾಗಿಲು ತೆಗೆದಿದ್ದ. ಮತ್ತೆ ಕೂರಿಸುವಾಗ ಶ್ರದ್ಧೆ ಜಾಸ್ತಿಯಾಗಿತ್ತು. ಅದನ್ನೂ ಪಂಚನಾಮೆಗೆ ಬರೆಸಿದ.

2.15ಕ್ಕೆ ರಿಪೇರಿಯವನ ಅಂಗಡಿ. ಅರವತ್ತು ದಾಟಿದ, ಒಣಕಲು ಆಳು. ಸ್ವಿಚ್ ಬೋರ್ಡು, ಸ್ಟೂಲು, ಕಿಟಕಿಯ ಕೀಲು, ಎಲ್ಲ ಕಡೆಯೂ ಗೀರುಗಳು ನೆಟ್ಟಗೆ.

“ಇದೇನು ನಿನ್ನ ಸ್ಕ್ರೂ ಕತೆ?”

“ನಮ್ಮ ಕೆಲಸವೇ ಹಾಗೆ ಸಾರ್. ಗೀರು ಓರೆಯಾದ್ರೆ ನಮ್ಮ ಮೇಷ್ಟ್ರು ಬೆರಳಿನ ಗಂಟಿಗೆ ಬಾರಿಸ್ತಿದ್ರು.”

“ಕಪಾಟಿನ ಬಾಗಿಲಲ್ಲೂ ಹಾಗೇ ಕೂರಿಸಿದ್ದೀಯ.”

ಮುದುಕ ತನ್ನ ಅಂಗೈ ನೋಡಿಕೊಂಡ. “ಥೂ, ಈ ಕೈಗಿಷ್ಟು ಬೆಂಕಿ ಹಾಕ!”

ಬೆಂಚಿನ ಕೆಳಗಿನಿಂದ ಬಂದೂಕು ತೆಗೆದುಕೊಟ್ಟ. ಎಣ್ಣೆಬಟ್ಟೆ ಸುತ್ತಿತ್ತು. ಜಪ್ತಿ ಪಂಚನಾಮೆಯಲ್ಲಿ ಇನ್‌ಸ್ಪೆಕ್ಟರ್ ತಾನೇ ಟೇಪು ಹಿಡಿದು ಉದ್ದ ಬರೆಸಿದ: ಐವತ್ತೊಂದು ಇಂಚು. ಬಂಧನ 3.05ಕ್ಕೆ.

ಠಾಣೆಯಲ್ಲಿ ಮುದುಕನನ್ನು ಬೆಂಚಿನ ಮೇಲೆ ಕೂರಿಸಿದ್ದರು. ಸಂಗ್ರಹಕಾರ ಮೇಜು ಗುದ್ದಿದ. “ನನ್ನ ಬಂದೂಕು ಕೊಡ್ರೀ!”

“ಈಗ ಅದು ಮುದ್ದೆಮಾಲು, ಕೇಸಿನ ಸಾಕ್ಷ್ಯ. ಕೋರ್ಟು ನಿಮ್ಮ ವಶಕ್ಕೆ ಕೊಟ್ರೂ ಕೇಸು ಮುಗಿಯೋತನಕ ಕೊಯ್ಯೋ ಹಾಗಿಲ್ಲ. ಅಳತೆ ಬರೆದಿದ್ದೀನಿ. ಕೊಯ್ದ್ರೆ ನಿಮ್ಮನ್ನೂ ಇವನ ಪಕ್ಕದಲ್ಲೇ ಕೂರಿಸ್ತೀನಿ.”

ಅವನು ಬೈದುಕೊಳ್ಳುತ್ತ ಹೋದ. ಹೆಡ್ ಕಾನ್‌ಸ್ಟೆಬಲ್ ಮುದುಕನ ಹೇಳಿಕೆ ಬರೆಯಲು ಕೂತಳು.

“ಕೋರ್ಟಲ್ಲಿ ತಪ್ಪು ಒಪ್ಕೊಂಡುಬಿಡು ಅಜ್ಜ. ಶಿಕ್ಷೆ ಕಡಿಮೆಯಾಗುತ್ತೆ, ಕೇಸೂ ಬೇಗ ಮುಗಿಯುತ್ತೆ.”

“ಮುಗಿದ ಮಾರನೇ ದಿನ ಬಡಗಿ ಬರ್ತಾನಲ್ಲಮ್ಮ?”

ಅವಳು ಇನ್‌ಸ್ಪೆಕ್ಟರ್ ಕಡೆ ನೋಡಿದಳು. ಅವನು ಕಿಟಕಿ ಕಡೆ ತಿರುಗಿಕೊಂಡ.

“ಒಪ್ಕೊಳ್ಳದಿದ್ರೆ?” ಮುದುಕ ಅವಳನ್ನೇ ಕೇಳಿದ.

“ಏಳೆಂಟು ವರ್ಷ ಎಳೆಯುತ್ತೆ. ನಿನ್ನ ಆಯಸ್ಸೆಲ್ಲ ಕೋರ್ಟಿಗೆ ಅಲೆಯೋದರಲ್ಲೇ ಮುಗಿಯುತ್ತೆ.”

ಮುದುಕ ಬೆಂಚಿನ ಮೇಲೆ ಆರಾಮಾಗಿ ಹಿಂದಕ್ಕೆ ಒರಗಿದ.

“ಹಾಗಾದ್ರೆ ನಾನು ಕದ್ದೇ ಇಲ್ಲ ಅಂತ ಬರ್ಕೊಳಮ್ಮ.”