ಕೀ ತೆಗೆದರೂ ನಿಲ್ಲದ ಕಾರು

ಅಂಗಡಿಯ ಎಣ್ಣೆಬಟ್ಟೆಗಳನ್ನು ಸೋಪಿನ ನೀರಿನಲ್ಲಿ ಕುಕ್ಕಿ, ಹಿಂಡಿ, ಒಂದೊಂದಾಗಿ ಹಗ್ಗಕ್ಕೆ ಹಾಕುತ್ತಿದ್ದಳು ಕರೆಂಟಕ್ಕ. ನಾಲ್ಕನೆಯ ಬಟ್ಟೆ ಕೈಯಲ್ಲಿರುವಾಗ ಬೈಂಡರ್ ಎದುರು ಬಂದು ನಿಂತ. ಐವತ್ತು ದಾಟಿದ ಮನುಷ್ಯ ಓಡಿ ಬಂದಿದ್ದ. ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ.

"ನೋಡಿ," ಎಂದು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಕಾರಿನ ಕೀ.

"ಸರಿ, ಕೀ. ಅದಕ್ಕೇನಾಯ್ತು?"

"ಕೀ ಇಲ್ಲಿದೆ. ಕಾರು ಅಲ್ಲಿ ಓಡ್ತಾನೇ ಇದೆ."

ಅಂಗಡಿಯೊಳಗಿಂದ ಸೋದರತ್ತೆಯ ದನಿ ಬಂತು. "ಓಡಿಹೋಯ್ತಾ? ಯಾರ ಜೊತೆ?"

"ನಿಂತಲ್ಲೇ ಅಮ್ಮಾ. ಎಂಜಿನ್ನು. ಕೀ ತೆಗೆದು ಹತ್ತು ನಿಮಿಷ ಆಯ್ತು."

ಕರೆಂಟಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಸಾಮಾನಿನ ಚೀಲ ಎತ್ತಿಕೊಂಡಳು.

ಕಾರಿನ ವೈರಿಂಗು ಅವಳಿಗೆ ಅಪ್ಪನಿಂದ ಬಂದ ಕಸುಬು. ನಲವತ್ತನಾಲ್ಕು ವರ್ಷ ವಯಸ್ಸು, ಮದುವೆ ಅನ್ನುವುದು ಯಾಕೋ ಆಗಿರಲಿಲ್ಲ. ಬೈಂಡರ್ ಎರಡು ಬೀದಿಯಾಚೆ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಹೆಂಡತಿ ತೀರಿಕೊಂಡು ಆರು ವರ್ಷ. ನಾಲ್ಕು ತಿಂಗಳ ಹಿಂದೆ, ಮದುವೆಯಾಗುತ್ತೀರಾ ಎಂದು ಅವಳಿಗೊಂದು ಕಾಗದ ಬರೆದಿದ್ದ. "ಬಾಯಲ್ಲಿ ಕೇಳಿದರೆ ನೀವು ಆಗಲೇ ಉತ್ತರ ಕೊಡಬೇಕಾಗುತ್ತದೆ. ಕಾಗದವಾದರೆ ಕಾಯುತ್ತದೆ. ಉತ್ತರವನ್ನೂ ಅಂಚೆಯಲ್ಲೇ ಕಳಿಸಿ. ನಿಮ್ಮ ಮುಖ ನೋಡುತ್ತಾ 'ಇಲ್ಲ' ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ."

ಮಾರನೆಯ ದಿನವೇ ಅವಳು 'ಹೂಂ' ಎಂದು ಮೂರು ಸಾಲು ಬರೆದು, ಲಕೋಟೆಗೆ ಹಾಕಿ, ಫ್ಯೂಸಿನ ಡ್ರಾಯರಿನಲ್ಲಿ ಇಟ್ಟಳು. ಅಲ್ಲಿಂದ ಅಂಚೆ ಪೆಟ್ಟಿಗೆಗೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆ ಮಾತ್ರ ಇಡಲಾಗಿರಲಿಲ್ಲ. ಅವನ ಮನೆಯ ಶೆಡ್ಡಿನಲ್ಲಿ ಹೆಂಡತಿಯ ಹಳೇ ಕಾರು ನಿಂತಿತ್ತು. ಅದರ ಎದುರು ಹೋದಾಗಲೆಲ್ಲ ಯಾರೋ ತನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ ಹಾಗಾಗುತ್ತಿತ್ತು.

ಇಬ್ಬರೂ ಆ ಶೆಡ್ಡಿನ ಕಡೆಗೆ ಬೇಗಬೇಗ ನಡೆದರು.

"ಇನ್ನೊಂದು ಚಪ್ಪಲಿ ಎಲ್ಲಿ?"

"ಕಾರಿನ ಪಕ್ಕದಲ್ಲೇ ಬಿತ್ತು. ಬಗ್ಗಿ ತಗೊಳ್ಳೋಕೆ ಧೈರ್ಯ ಬರ್ಲಿಲ್ಲ."

ನಗು ಬಂತು ಅವಳಿಗೆ. ತಿರುವಿನಲ್ಲೇ ಎಂಜಿನ್ನಿನ ಸದ್ದು ಕೇಳಿ ಆ ನಗು ಅಲ್ಲೇ ಆರಿತು.

ಶೆಡ್ಡಿನಲ್ಲಿ ಮಧ್ಯಾಹ್ನದ ಬಿಸಿಲು ಗೆರೆಗೆರೆಯಾಗಿ ಬಿದ್ದಿತ್ತು. ಸ್ಟೂಲಿನ ಮೇಲೆ ಅವನ ಟೀ ಕೆನೆಗಟ್ಟಿತ್ತು. ಕಾರು ತನ್ನಷ್ಟಕ್ಕೆ ಗುನುಗುತ್ತಿತ್ತು. ಕೀ ಹಾಕುವ ತೂತು ಖಾಲಿ. ಅದರ ಪಕ್ಕದಲ್ಲಿ ಬ್ಯಾಟರಿ ಚಾರ್ಜಿನ ಕೆಂಪು ದೀಪ, ನಿದ್ದೆಯಲ್ಲಿ ಅರ್ಧ ತೆರೆದ ಕಣ್ಣಿನ ಹಾಗೆ, ಮಸುಕಾಗಿ ಉರಿಯುತ್ತಿತ್ತು. ಖಾಲಿ ಸೀಟು ಸಣ್ಣಗೆ ಅದುರುತ್ತಿತ್ತು.

"ನೀವು ಈ ಸೀಟಲ್ಲಿ ಕೂತಿದ್ರಾ?"

"ಇಲ್ಲಪ್ಪ. ಅವಳು ಹೋದ ಮೇಲೆ ಅಲ್ಲಿ ಯಾರೂ ಕೂತಿಲ್ಲ. ನಾನು ಹೊರಗಿಂದಲೇ ಕೈ ಹಾಕಿ ಸ್ಟಾರ್ಟ್ ಮಾಡ್ತೀನಿ."

ಕರೆಂಟಕ್ಕ ಉಸಿರು ಬಿಗಿಹಿಡಿದು ಒಳಗೆ ಕೂತಳು. ಸೀಟು ಅವಳ ಕಾಲಿಗೇ ಅಳತೆ ತೆಗೆದಿಟ್ಟಂತಿತ್ತು. ನಾಲ್ಕನೆಯ ಗೇರಿಗೆ ಹಾಕಿ, ಬ್ರೇಕ್ ಅದುಮಿ, ಕ್ಲಚ್ ಬಿಟ್ಟಳು. ಕಾರು ಮುಗ್ಗರಿಸಿ ನಿಂತಿತು.

"ಅವಳಿಗೆ ಇಷ್ಟ ಇಲ್ಲ ಅನ್ಸುತ್ತೆ," ಎಂದ ಅವನು.

"ಯಾವುದು?"

ಅವನು ಕೀಯನ್ನೇ ನೋಡಿದ. "ಎಲ್ಲಾ. ನಿನ್ನೆ ಕಾರಿಗೆ ಆ ಹೊಸ ಪೆಟ್ಟಿಗೆ ಹಾಕ್ಸಿದ್ದು. ನಿಮಗೆ ಬರ್ದಿದ್ದು. ಹೋಗ್ಲಿ ಬಿಡಿ, ಆ ಕಾಗದ ಹರಿದುಹಾಕಿ."

ಆ ಹೆಂಡತಿಗೆ ಇಷ್ಟವಿರಲಾರದೆಂದು ನಾಲ್ಕು ತಿಂಗಳು ಕರೆಂಟಕ್ಕ ಹೆದರಿದ್ದೂ ಇದಕ್ಕೇ. ಆದರೆ ಅದೇ ಮಾತು ಅವನ ಬಾಯಲ್ಲಿ ಕೇಳಿದ್ದೇ ತಡ, ಅವಳಿಗೆ ಸಿಟ್ಟು ಬಂತು.

"ಅರ್ಧ ಗಂಟೆ ಕೊಡಿ," ಎಂದಳು. "ದೆವ್ವಕ್ಕೂ ಕರೆಂಟು ಎಲ್ಲಿಂದಾದ್ರೂ ಬರ್ಲೇಬೇಕು."

ಆ ಪೆಟ್ಟಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ನಿನದು, ಎಂಜಿನ್ನಿಗೆ ಕಿಡಿ ಕೊಡುವಂಥದು. ಹೆಂಡತಿಯೇ ಕೊಂಡುತಂದು, ಹಾಕುವ ಮೊದಲೇ ಹೋಗಿಬಿಟ್ಟಿದ್ದಳು. ನಿನ್ನೆ ಕರೆಂಟಕ್ಕ ಅದನ್ನು ಕೂರಿಸಿದ್ದಳು. ದಪ್ಪ ವೈರುಗಳು ನೇರ ಬ್ಯಾಟರಿಗೆ; ಹೊಟ್ಟೆಗೆ ಊಟ ಅಲ್ಲಿಂದ. ಇನ್ನೊಂದು ಸಣ್ಣ ಕೆಂಪು ವೈರು, 'ಏಳು', 'ಮಲಗು' ಎಂದು ಹೇಳುವುದಕ್ಕಷ್ಟೇ; ಅದು ಕೀಯಿಂದ ಬರಬೇಕು. ಆ ಕೆಂಪು ವೈರಿಗೆ ಕೀ ಇಲ್ಲದೆಯೂ ಯಾರೋ 'ಮಲಗಬೇಡ' ಎನ್ನುತ್ತಿದ್ದರು.

ಅವಳು ಬೆನ್ನ ಮೇಲೆ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ತೂರಿದಳು. ನಿನ್ನೆ ಅಂಚಿನಲ್ಲೇ ಜೋಡಿಸಿ ಎದ್ದಿದ್ದಳು. ಈ ಸಲ ಟಾರ್ಚ್ ಹಿಡಿದು ಆಳಕ್ಕೆ ನೋಡಿದಳು. ಒಂದು ವೈರಿಗೆ ಕಪ್ಪು ಬಟ್ಟೆಯ ಪಟ್ಟಿ ಅಂಟಿಸಿತ್ತು. ಅದರ ಮೇಲೆ ಬಿಳಿ ಅಕ್ಷರ.

"'ಇದು ಹಾರ್ನಿಗೆ,'" ಎಂದು ಓದಿದಳು. "'ಇದು ವೈಪರಿಗೆ. ಇಲಿ ಕಡಿದಿತ್ತು, ಸರಿ ಮಾಡಿದ್ದೇನೆ.'"

ಹೊರಗೆ ಅವನ ಉಸಿರು ಏರುಪೇರಾಯಿತು. "ಎಲ್ಲಿ, ತೋರ್ಸಿ! ಅಯ್ಯೋ, ಅವಳದೇ ಅಕ್ಷರ! ನನ್ನ ಬೈಂಡಿಂಗ್ ಪಟ್ಟಿ! ಉರುಳೆಗಟ್ಟಲೆ ಮಾಯ ಆಗ್ತಿತ್ತು. ಎಷ್ಟು ಸಲ ಕೇಳಿದ್ರೂ ಕಳ್ಳಿ ಒಪ್ಪಲೇ ಇಲ್ಲ."

ಅವನು ನಕ್ಕ. ನಗುತ್ತಾ ನಗುತ್ತಾ ಬಾಗಿಲಿಗೆ ಹಣೆ ಆನಿಸಿ ನಿಂತುಬಿಟ್ಟ. ಅವಳಿಗೆ ಅವನ ಮೊಣಕಾಲು, ಬರಿಯ ಪಾದ, ಅಷ್ಟೇ ಕಾಣುತ್ತಿತ್ತು. ಆ ಪಾದದ ಮೇಲೆ ಇಷ್ಟು ಮಮತೆ ಉಕ್ಕಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಕೆಂಪು ದೀಪದ ವೈರು ಎಲ್ಲಕ್ಕಿಂತ ಹಿಂದೆ ಇತ್ತು. ಅದರ ಪಟ್ಟಿ ಉಳಿದವುಗಳಿಗಿಂತ ಉದ್ದ. ಪಟ್ಟಿಯ ಮಡಿಕೆಯಲ್ಲಿ, ಒಂದು ತುದಿಗೆ ಗೆರೆಯಿದ್ದ, ಅಕ್ಕಿಕಾಳಿನಷ್ಟು ಒಂದು ಡಯೋಡ್. ಕರೆಂಟನ್ನು ಒಂದೇ ಕಡೆಗೆ ಬಿಡುವ ತುಂಡು. ಅವಳು ಓದಿದಳು, ಈ ಸಲ ಮನಸ್ಸಿನಲ್ಲಿ.

'ನಡುಗದ ಕೈಯವಳೇ, ಎಂಜಿನ್ ನಿಲ್ಲದಿದ್ದರೆ ಹೆದರಬೇಡ. ಇದನ್ನು ಹಾಕು, ಗೆರೆ ಎಂಜಿನ್ ಕಡೆಗಿರಲಿ. ಅವರು ಟೀ ಕುಡಿಯುವುದನ್ನು ಮರೆಯುತ್ತಾರೆ. ನೆನಪಿಸುತ್ತಿರು.'

ಟಾರ್ಚ್ ಕೈಜಾರಿತು.

ಏಳು ವರ್ಷದ ಹಿಂದೆ ಒಬ್ಬ ಬಡಕಲು ಹೆಂಗಸು ಫ್ಯೂಸ್ ಕೊಳ್ಳಲು ಅಂಗಡಿಗೆ ಬಂದಿದ್ದಳು. ತಲೆಗೆ ಸ್ಕಾರ್ಫ್ ಕಟ್ಟಿದ್ದಳು. ಕೊಂಡಾದ ಮೇಲೂ ಹೋಗದೆ, ಕರೆಂಟಕ್ಕ ಬೆಸುಗೆ ಹಾಕುವುದನ್ನು ಬಹಳ ಹೊತ್ತು ನೋಡುತ್ತಾ ನಿಂತಳು. "ನಿಮ್ಮ ಕೈ ನಡುಗೋದೇ ಇಲ್ವಲ್ಲಾ," ಎಂದಳು. ಹೊರಡುವಾಗ ಹೊಸಿಲಲ್ಲಿ ತಿರುಗಿ ಇನ್ನೊಮ್ಮೆ ನೋಡಿದಳು. ಅಡಿಯಿಂದ ಮುಡಿಯವರೆಗೆ.

"ಏನಾದ್ರೂ ಸಿಕ್ತಾ?" ಅವನು ಕೇಳಿದ.

"ಹೂಂ. ಸಿಕ್ತು."

ಪಟ್ಟಿಯನ್ನು ಬಿಡಿಸಿ ಜೇಬಿಗೆ ಹಾಕಿದಳು. ಡಯೋಡನ್ನು ಬೆಸೆದಳು, ಗೆರೆ ಎಂಜಿನ್ ಕಡೆಗೆ. ಸ್ಟಾರ್ಟ್ ಮಾಡಿ, ಒಂದು ನಿಮಿಷ ಓಡಿಸಿ, ಕೀ ತೆಗೆದಳು. ಹಿಡಿದಿಟ್ಟ ಉಸಿರು ಬಿಟ್ಟ ಹಾಗೆ ಎಂಜಿನ್ ನಿಂತಿತು. ದೀಪ ಆರಿತು.

"ಎಂಜಿನ್ ತಿರುಗ್ತಿರೋವಾಗ ದೀಪದ ದಾರೀಲಿ ಚೂರು ಕರೆಂಟು ವಾಪಸ್ ಬರ್ತಿತ್ತು," ಎಂದಳು. "ಮೊದಲಿದ್ದ ಸಾಮಾನಿಗೆ ಅಷ್ಟು ಸಾಲ್ತಿರ್ಲಿಲ್ಲ. ಹೊಸ ಪೆಟ್ಟಿಗೆಗೆ ಅಷ್ಟೇ ಸಾಕು."

"ಅಷ್ಟೇನಾ?"

"ಟೀ ಕೆನೆಗಟ್ಟಿದೆ. ಬಿಸಿ ಮಾಡ್ಕೊಂಡು ಕುಡೀರಿ."

ಅವನು ಬೆಚ್ಚಿ ಅವಳನ್ನು ನೋಡಿದ. ಆ ನೋಟ ಅವಳ ಮುಖದ ಮೇಲೆ ಅಲೆದು, ಮಸಿ ಹತ್ತಿದ ಕೆನ್ನೆಯಲ್ಲಿ ನಿಂತಿತು. ಅವಳು ಬೇಕೆಂದೇ ಒರೆಸಿಕೊಳ್ಳಲಿಲ್ಲ.

"ನಮ್ಮ ಅಂಗಡಿ ಹತ್ರದ ಅಂಚೆ ಪೆಟ್ಟಿಗೆ ಎಷ್ಟೊತ್ತಿಗೆ ತೆಗೀತಾರೆ?"

"ನಾಲ್ಕೂಕಾಲಿಗೆ," ಎಂದ ಥಟ್ಟನೆ. ನಾಲ್ಕು ತಿಂಗಳಿಂದ ದಿನಾ ನೋಡಿದವನ ಹಾಗೆ. ಆಮೇಲೆ ಕಿವಿಯವರೆಗೆ ಕೆಂಪಾದ.

ಅಂಗಡಿಯಲ್ಲಿ ಅವಳು ಫ್ಯೂಸಿನ ಡ್ರಾಯರ್ ಎಳೆದಾಗ ಅತ್ತೆ ಕನ್ನಡಕ ಏರಿಸಿದಳು. "ಅಂತೂ ತೆಗ್ದೆಯಾ! ಎರಡನೇ ಸಾಲಲ್ಲಿ ಒಂದು ತಪ್ಪಿತ್ತು. ತಿದ್ದಿಟ್ಟಿದ್ದೀನಿ."

"ಅತ್ತೇ! ಓದಿದ್ಯಾ?"

"ಅಂಟಿಸದೆ ಇಟ್ರೆ ಇನ್ನೇನು ಮಾಡ್ತಾರೆ?"

ಲಕೋಟೆಯ ಅಂಟು ಒಣಗಿಹೋಗಿತ್ತು. ಅವಳು ಜೇಬಿನಿಂದ ಪಟ್ಟಿ ತೆಗೆದಳು. ಆರು ವರ್ಷದ ಅಂಟು ಎಂದೋ ಪುಡಿಯಾಗಿರಬೇಕಿತ್ತು. ಇದು ಈಗಷ್ಟೇ ಉರುಳೆಯಿಂದ ಕತ್ತರಿಸಿದ ಹಾಗೆ ಬೆರಳಿಗೆ ಹತ್ತಿತು. ಅಕ್ಷರ ಹೊರಗೆ ಕಾಣುವಂತೆ, ಲಕೋಟೆಯ ಬಾಯಿಗೆ ಅಡ್ಡಲಾಗಿ ಅದನ್ನು ಒತ್ತಿದಳು. ಬಿಗಿಯಾಗಿ ಕೂತಿತು. ಅವನು ಮೊದಲು ಅದನ್ನು ಓದಲಿ, ಆಮೇಲೆ ಒಳಗಿನದನ್ನು.

ಮೂವತ್ತು ಹೆಜ್ಜೆ. ಪೆಟ್ಟಿಗೆಯ ಬಾಯಿಗೆ ಲಕೋಟೆ ಇಟ್ಟಾಗ ಅವಳ ಕೈ ನಡುಗಿತು. ಯಾರೋ ಹಿಂದಿನಿಂದ ಮೊಣಕೈಯನ್ನು ಮೆಲ್ಲಗೆ ಹಿಡಿದ ಹಾಗಾಯಿತು. ತಿರುಗಿ ನೋಡಲಿಲ್ಲ. ಬೆರಳು ಬಿಟ್ಟಳು. ಒಳಗೆ, ಖಾಲಿ ತಗಡಿನ ಮೇಲೆ, ಕಾಗದ ಬಿದ್ದ ಸದ್ದು ಕೇಳಿತು.