ಗರುಡವ್ವನ ಭಂಡಾರದ ಚೀಲ

"ಮುಟ್ಟು! ಬೀರಪ್ಪನ ಭಂಡಾರ ಮುಟ್ಟಿ ಹೇಳು, ದಿನಾ ಮುಂಜಾನೆ ಎದ್ದು ನೀ ಎಲ್ಲಿಗೆ ಹೋಗ್ತಿ?"

ರಂಗವ್ವ ಹಿಡಿದ ತಟ್ಟೆಯಲ್ಲಿ ಮನೆದೇವರ ಭಂಡಾರ, ಅರಿಶಿನದ ಪುಡಿ ತುಂಬಿತ್ತು. ಎದುರಿಗೆ ಸೊಸೆ ಸುರೇಖಾ ತಲೆ ತಗ್ಗಿಸಿ ನಿಂತಿದ್ದಳು. ಕೆರೂರಿನ ಆ ಮನೆಯಲ್ಲಿ ಭಂಡಾರ ಮುಟ್ಟಿ ಸುಳ್ಳಾಡಿದವರು ಇಲ್ಲ. ಕುರಿ ಕಳುವಿನ ಜಗಳವೂ ಆ ತಟ್ಟೆಯ ಮುಂದೆ ಮುಗಿದುಹೋಗುತ್ತಿತ್ತು. ಸುರೇಖಾಳ ಕೈ ತಟ್ಟೆಯವರೆಗೆ ಹೋಯಿತು... ಮುಟ್ಟದೆ ಹಿಂದಕ್ಕೆ ಬಂತು!

"ಅಮೀನಗಡದಾಗ ಕರದಂಟಿನ ಅಂಗಡ್ಯಾಗ ಕೆಲಸ ಅಂದಿದ್ದಿ. ನಮ್ಮ ಬಾಜೂ ಮನಿ ಮಕ್ತುಮಬಿ ನಿನ್ನೆ ಅಲ್ಲೇ ಕರದಂಟು ತರಾಕ ಹೋಗಿದ್ಲು. ಅಂಥಾ ಹೆಸರಿನಾಕಿ ಯಾರೂ ಇಲ್ಲಿಲ್ಲ ಅಂದ್ರಂತ! ಮತ್ತ ಮೈತುಂಬ ಈ ಗಾಯ ಎಲ್ಲಿಂದ ಬಂದಾವು?"

ಬಾಗಿಲಿಗೆ ಒರಗಿ ನಿಂತಿದ್ದ ಗಂಡ ಪ್ರಭುಲಿಂಗ ಒಂದು ಹೆಜ್ಜೆ ಮುಂದೆ ಬಂದ. "ಏನರೆ ಹೇಳು, ಸುರೇಖಾ. ನೀ ಏನ್ ಹೇಳಿದ್ರೂ ನಂಬ್ತೇನಿ."

"ಹೇಳಾಕ ಬರಂಗಿಲ್ರಿ..." ಅಷ್ಟೇ ಅಂದಳು.

ಏನೆಂದು ಹೇಳಿಯಾಳು? ದಿನಾ ಸಂಜೆ ಟಿವಿಯಲ್ಲಿ ಬರುವ 'ಗರುಡವ್ವ' ಧಾರಾವಾಹಿಯಲ್ಲಿ ಮುಖವಾಡ ಹಾಕಿಕೊಂಡು ಬಂಡೆಯಿಂದ ಬಂಡೆಗೆ ಹಾರಿ ಬಡವರನ್ನು ಕಾಯುವವಳು ತಾನೇ ಎಂದೇ? ಬಾದಾಮಿಯ ಹತ್ತಿರದ ತವರಿನಲ್ಲಿ ಆಡುಗಳ ಹಿಂದೆ ಗುಡ್ಡ ಹತ್ತಿ ಬೆಳೆದವಳು ಅವಳು. ಶೂಟಿಂಗಿನವರು ಅವಳ ಕಾಲಿನ ಹಿಡಿತ ನೋಡಿ ಬೆರಗಾಗಿ ಕೆಲಸ ಕೊಟ್ಟಿದ್ದರು. ಮುಖವಾಡದೊಳಗೆ ಇರುವುದು ಯಾರೆಂದು ಗಂಡನಿಗೂ ಹೇಳಬಾರದು, ಹೇಳಿದ ದಿನವೇ ಕೆಲಸ ಹೋಯಿತು ಎಂದು ಮಾತು ತೆಗೆದುಕೊಂಡಿದ್ದರು. ಕೊನೆಯ ಕಂತಿನಲ್ಲಿ ಮುಖವಾಡ ಕಳಚುವವಳು ಸುರೇಖಾ ಅಲ್ಲ, ಒಬ್ಬ ಹೆಸರಾಂತ ನಟಿ. ಅದೂ ಅವಳಿಗೆ ಗೊತ್ತಿತ್ತು. ಆದರೂ ಆ ಕೆಂಪು ಬಂಡೆಯ ತುದಿಯಲ್ಲಿ ನಿಂತಾಗ ಎದೆಯೊಳಗೆ ಏಳುವ ಖುಷಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಇನ್ನು ಅತ್ತೆಗೆ ಹೇಳೋಣವೆಂದರೆ, ರಂಗವ್ವನ ಬಾಯಿಗೆ ಬಿದ್ದ ಸುದ್ದಿ ಮಧ್ಯಾಹ್ನದೊಳಗೆ ಸಂತೆ ಸುತ್ತಿ ಬರುತ್ತಿತ್ತು!

ಇನ್ನೊಂದು ತಮಾಷೆಯೆಂದರೆ ರಂಗವ್ವನಿಗೆ ಗರುಡವ್ವ ಎಂದರೆ ಜೀವ. ಕಂತು ಮುಗಿದೊಡನೆ ಉಪ್ಪು ಮೆಣಸಿನಕಾಯಿ ಹಿಡಿದು ಟಿವಿಗೇ ದೃಷ್ಟಿ ತೆಗೆಯುವಳು. "ಹೆಣ್ಣು ಅಂದ್ರ ಹಿಂಗಿರಬೇಕು. ನೀನೂ ಅದಿ, ಸಂಜೀಕ ಬಂದು ಸೊಂಟ ಹಿಡ್ಕೊಂಡು ಕುಂದರ್ತಿ" ಎಂದು ಸೊಸೆಯನ್ನು ಮೂದಲಿಸುವಳು. ಸುರೇಖಾ ನಗಬೇಕೋ ಅಳಬೇಕೋ ತಿಳಿಯದೆ ರೊಟ್ಟಿ ಬಡಿಯುತ್ತಿದ್ದಳು.

ಆದರೆ ಈಗ ನಗುವ ಹೊತ್ತಾಗಿರಲಿಲ್ಲ.

"ಭಂಡಾರ ಮುಟ್ಟದಾಕಿಗೆ ಭಂಡಾರದ ಚೀಲ ಯಾಕ? ಕೊಡು ಇಲ್ಲಿ!" ಎಂದಳು ರಂಗವ್ವ.

ಅದು ರಂಗವ್ವನೇ ತನ್ನ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಕೈಯಾರೆ ಹೊಲಿದು, ಮನೆ ತುಂಬಿದ ದಿನ ಸೊಸೆಯ ಸೊಂಟಕ್ಕೆ ಕಟ್ಟಿದ ಪುಟ್ಟ ಚೀಲ. ಇಲಿ ಕಡಿದ ಮೂಲೆಗೆ ಕೆಂಪು ದಾರ ಸಿಗದೆ ಹಸಿರು ದಾರದಲ್ಲಿ ತೇಪೆ ಹಾಕಿದ್ದಳು. ಸುರೇಖಾ ಅದನ್ನು ಬಿಚ್ಚಿ ಕೊಟ್ಟಳು. ಪ್ರಭುಲಿಂಗ ಮುಖ ತಿರುಗಿಸಿ ಹೊರಗೆ ನಡೆದ. 

ಅಂದು ಅವಳು ಶೂಟಿಂಗಿಗೆ ಹೋಗಲಿಲ್ಲ. ಸಂಜೆ ಎಂದಿನಂತೆ ಪಕ್ಕದ ಮನೆಯ ಮಕ್ತುಮಬಿ ಧಾರಾವಾಹಿ ನೋಡಲು ಬಂದಳು. ಸಿಟ್ಟಿನಲ್ಲೂ ರಂಗವ್ವ ಟಿವಿ ಹಚ್ಚುವುದನ್ನು ಬಿಡಲಿಲ್ಲ. ಚೀಲ ಅವಳ ಮುಷ್ಟಿಯಲ್ಲೇ ಇತ್ತು. ಪರದೆಯ ಮೇಲೆ ಗರುಡವ್ವ ಬಂಡೆಯ ಅಂಚಿಗೆ ಬಂದಳು. ಹಾರುವ ಮೊದಲು ಸೊಂಟದಿಂದ ಕೆಂಪು ಚೀಲ ತೆಗೆದು, ಚಿಟಿಕೆ ಭಂಡಾರ ಗಾಳಿಗೆ ತೂರಿ, ಹಣೆ ಮುಟ್ಟಿಕೊಂಡಳು. ಕ್ಯಾಮೆರಾ ಇನ್ನೂ ಶುರುವಾಗಿಲ್ಲವೆಂದು ತಿಳಿದು ಸುರೇಖಾ ಮಾಡಿದ ತಪ್ಪು ಅದು. ಚೆನ್ನಾಗಿದೆಯೆಂದು ಶೂಟಿಂಗಿನವರು ಹಾಗೇ ಉಳಿಸಿಕೊಂಡಿದ್ದರು.

ಚೀಲದ ಮೂಲೆಯಲ್ಲಿ ಹಸಿರು ದಾರ!

ರಂಗವ್ವ ಪರದೆ ನೋಡಿದಳು. ತನ್ನ ಮುಷ್ಟಿ ಬಿಡಿಸಿ ನೋಡಿದಳು.

"ಅಯ್ಯ, ರಂಗವ್ವಕ್ಕಾ! ಗರುಡವ್ವನೂ ನಿಮ್ಮ ಬೀರಪ್ಪನ ಭಕ್ತಳೇನ?" ಎಂದಳು ಮಕ್ತುಮಬಿ.

"ಇದ್ದಿರಬೇಕವಾ..." ಎಂದು ಮುಷ್ಟಿ ಬಿಗಿದುಕೊಂಡು ರಂಗವ್ವ ಅಡುಗೆಮನೆಗೆ ಬಂದಳು. ಒಲೆಯ ಮುಂದೆ ಕುಳಿತಿದ್ದ ಸೊಸೆಯ ತೋಳಿನ ತರಚು ಗಾಯವನ್ನು ಮೆಲ್ಲಗೆ ಸವರಿದಳು.

"ಆ ಬಂಡೆಗಲ್ಲು ಎಷ್ಟ ಎತ್ತರ ಇತ್ತು?"

ಸುರೇಖಾ ಬೆಚ್ಚಿದಳು. "ಅತ್ತಿ... ನಾ..."

"ಬಾಯಿ ಮುಚ್ಚು. ನೀ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ. ನನ್ನಂಥಾ ಹುಚ್ಚಿ ಇನ್ಯಾರದಾರ! ಟಿವಿಗೆ ದೃಷ್ಟಿ ತೆಗದು ನಿನಗ ಬೈದ್ನಲ್ಲಾ, ನನ್ನ ಕೂಸ..." ಚೀಲವನ್ನು ಮತ್ತೆ ಸೊಸೆಯ ಸೊಂಟಕ್ಕೆ ಕಟ್ಟುವಾಗ ಅವಳ ಕಣ್ಣೀರು ನಿಲ್ಲಲಿಲ್ಲ. ಸುರೇಖಾಳೂ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಮನಸಾರೆ ಅತ್ತಳು.

ಮಕ್ತುಮಬಿ ಮನೆಗೆ ಹೋದ ಮೇಲೆ ರಂಗವ್ವ ಮಗನನ್ನು ಕರೆದು, ತಾನೇ ತಟ್ಟೆಗೆ ಕೈಯಿಟ್ಟಳು. "ಭಂಡಾರ ಮುಟ್ಟಿ ಹೇಳ್ತೇನಿ, ನಿನ್ನ ಹೇಣ್ತಿ ತಪ್ಪು ಮಾಡಾಕಿ ಅಲ್ಲ. ಎಲ್ಲಿ ಹೋಗ್ತಾಳ ಅಂತ ಕೇಳಬ್ಯಾಡ."

"ನೀ ಮುಟ್ಟಿದ ಮ್ಯಾಲ ಮುಗೀತು ಬಿಡಬೇ" ಎಂದ ಪ್ರಭುಲಿಂಗ. ಮರುದಿನದಿಂದ ತಾನೇ ಹೆಂಡತಿಯನ್ನು ಬಸ್ಸಿಗೆ ಬಿಟ್ಟುಬರತೊಡಗಿದ. ಸಂಜೆ ಮುಲಾಮು ತಂದು ಕೈಗಿಡುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಆ ಮೌನ ಅವಳಿಗೆ ಗಾಯಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಕೊನೆಯ ಕಂತಿನ ದಿನ ಮನೆ ತುಂಬ ನೆರೆಹೊರೆಯವರು. ಗರುಡವ್ವ ಮುಖವಾಡ ಕಳಚಿದಳು... ಒಳಗಿಂದ ನಟಿಯ ಬೆಳ್ಳನೆಯ ಮುಖ ಹೊಳೆಯಿತು! ಎಲ್ಲರೂ ಚಪ್ಪಾಳೆ ತಟ್ಟಿದರು. ಸುರೇಖಾಳೂ ತಟ್ಟಿದಳು. ಅವಳ ಕಣ್ಣು ಮಾತ್ರ ತುಂಬಿತ್ತು.

ರಂಗವ್ವ ಉಪ್ಪು ಮೆಣಸಿನಕಾಯಿ ಹಿಡಿದು ಎದ್ದಳು. ಟಿವಿಗೆ ಬೆನ್ನು ಹಾಕಿ ಸೊಸೆಯ ಮುಂದೆ ನಿಂತು, ತಲೆಯಿಂದ ಕಾಲಿನವರೆಗೆ ನಿವಾಳಿಸಿದಳು.

"ರಂಗವ್ವಕ್ಕಾ, ಟಿವಿ ಆ ಕಡಿ ಐತಿ!" ಎಂದು ಮಕ್ತುಮಬಿ ನಕ್ಕಳು.

"ವಯಸ್ಸಾತವಾ, ಕಣ್ಣು ಕಾಣವಲ್ವು" ಎಂದಳು ರಂಗವ್ವ, ಕೈ ನಿಲ್ಲಿಸದೆ.

ಪ್ರಭುಲಿಂಗ ತಾಯಿಯನ್ನು ನೋಡಿದ. ಹೆಂಡತಿಯ ತರಚಿದ ತೋಳು ನೋಡಿದ. ಅವಳ ಸೊಂಟದ ಕೆಂಪು ಚೀಲ ನೋಡಿದ. ಗರುಡವ್ವನ ಸೊಂಟದಲ್ಲಿ ಕಂಡದ್ದೂ ಇದೇ ಹಸಿರು ದಾರದ ಚೀಲ! ಪರದೆಯ ಮೇಲೆ ನಟಿ ಇನ್ನೂ ಮಾತಾಡುತ್ತಿದ್ದಳು. ಅವನು ಎದ್ದು ಹೋಗಿ ಟಿವಿ ಬಂದ್ ಮಾಡಿ, ಬಂದು ಸುರೇಖಾಳ ಪಕ್ಕದಲ್ಲಿ ಕುಳಿತ.