ಮೇಜಿನ ಆಚೆ ಕಡೆ

"ತಳ್ಳಬೇಡ್ರೋ! ನನ್ನ ಬಾವುಟ ಬಗ್ಗೋಯ್ತು!"

ಕಡ್ಡಿ ಮೊಣಕೈಯಿಂದ ದಾರಿ ಮಾಡಿಕೊಂಡು ಮೇಜಿನ ಹತ್ತಿರಕ್ಕೆ ನುಗ್ಗಿದಳು. ತೆಳ್ಳಗೆ, ಉದ್ದಕ್ಕೆ ಇದ್ದುದರಿಂದ ಐದನೇ ಕ್ಲಾಸಿನವರೆಲ್ಲ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಇಂಥ ಗುಂಪಿನಲ್ಲಿ ನುಗ್ಗುವುದಕ್ಕೆ ಆ ಮೈ ಬಹಳ ಅನುಕೂಲ.

ಟೌನ್ ಹಾಲಿನ ನಡುವೆ ದೊಡ್ಡದೊಂದು ಮೇಜು. ಅದರ ಮೇಲೆ ಅವರ ಪೇಟೆಯೇ ಪುಟ್ಟದಾಗಿ ಕೂತಿತ್ತು. ಎಲ್ಲವೂ ಥರ್ಮೋಕೋಲಿನದು. ಬಾಗಿಲಿಲ್ಲ, ಕಿಟಕಿಯಿಲ್ಲ, ಬರೀ ಬಿಳಿ ಡಬ್ಬಗಳು. ನಟ್ಟನಡುವೆ ನಿಂತಿದ್ದ ಗಡಿಯಾರದ ಕಂಬವೊಂದೇ ಗುರುತು ಸಿಗುತ್ತಿತ್ತು.

"ಪೇಟೆಯನ್ನ ಹೊಸದಾಗಿ ಕಟ್ತೀವಿ," ಎಂದರು ಪುರಸಭೆಯಿಂದ ಬಂದಿದ್ದ ಪ್ಲಾನ್ ಮೇಡಂ. ಅವರು ಮೇಜಿನ ಮುಂದಿನ ಕಡೆ ನಿಂತಿದ್ದರು. ಅಲ್ಲಿ ದೊಡ್ಡವರು ತುಂಬಿದ್ದರಿಂದ ಮಕ್ಕಳೆಲ್ಲ ಹಿಂದಿನ ಕಡೆಗೆ ಬಂದು ನಿಂತಿದ್ದರು. "ಲೈಬ್ರರಿ ಬರುತ್ತೆ, ಪಾರ್ಕ್ ಬರುತ್ತೆ, ಟಾಯ್ಲೆಟ್ ಬರುತ್ತೆ. ಸ್ವಿಮ್ಮಿಂಗ್ ಪೂಲ್ ಎಲ್ಲಿ ಬರ್ಬೇಕು ಅಂತ ನೀವು ಹೇಳಿ. ಒಬ್ಬರಿಗೆ ಒಂದೇ ಬಾವುಟ. ಪೂಲ್ ಬಂದ ಕಡೆ ಈಗಿರೋ ಕಟ್ಟಡ ಹೋಗುತ್ತೆ, ನೆನಪಿರಲಿ."

"ಟಾಕೀಸು!" ಕಡ್ಡಿ ಕೂಗಿದಳು. "ಗಡಿಯಾರದ ಬಲಕ್ಕೆ ಟಾಕೀಸು, ಎಡಕ್ಕೆ ಅಂಗಡಿ ಸಾಲು. ದಿನಾ ನೋಡ್ತೀವಲ್ಲ. ಟಾಕೀಸು ಮುಚ್ಚಿ ಎಷ್ಟೋ ವರ್ಷ ಆಯ್ತು. ಒಳಗೆ ಬಾವಲಿ ಬಿಟ್ರೆ ಯಾರೂ ಇಲ್ಲ."

"ಎಲ್ಲರೂ ಕೇಳಿ, ಎಲ್ಲರೂ ಕೇಳಿ! ಟಾಕೀಸಿಗೇ ಹಾಕಿ!" ಎಂದು ರೇಡಿಯೋ ಸಾರಿದ. ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ಅವನಿಗೆ ಆ ಹೆಸರು.

ಬಲಗಡೆಯ ಉದ್ದನೆಯ ಡಬ್ಬಕ್ಕೆ ಕಡ್ಡಿ ಮೊದಲ ಬಾವುಟ ಚುಚ್ಚಿದಳು. ಅದರ ಪಕ್ಕ ರೇಡಿಯೋನದು. ಆಮೇಲೆ ಇಡೀ ಕ್ಲಾಸಿನದು. ಕೊನೆಗೆ ಉಳಿದವಳು ಪಿಸು, ಈ ವರ್ಷ ಹೊಸದಾಗಿ ಸೇರಿದ ಹುಡುಗಿ. ಅವಳು ಮಾತಾಡಿದರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ.

"ಹಾಕೇ ಪಿಸೂ, ಲೇಟಾಯ್ತು!"

ಪಿಸು ಎಲ್ಲರ ಮುಖ ನೋಡಿದಳು. ನೋಡಿ, ಅಲ್ಲೇ ಚುಚ್ಚಿದಳು.

ಸಂಜೆ ಕಡ್ಡಿ ಅಮ್ಮನ ಅಂಗಡಿಯಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಅಂಗಡಿ ಎಂದರೆ ಒಂದು ಹೊಲಿಗೆ ಮಿಷಿನ್, ಒಂದು ಸ್ಟೂಲು, ಗೋಡೆಯ ತುಂಬ ನೇತಾಡುವ ಬಟ್ಟೆ. ಹೋಂವರ್ಕ್ ಮಾಡುವ ಜಾಗ ಮಿಷಿನ್ನಿನ ಕೆಳಗೆ, ಅಮ್ಮನ ಕಾಲಿನ ಪಕ್ಕ.

ಪಕ್ಕದ ಅಂಗಡಿಯ ಕೀಲಿಕೈ ಮಾಮ ಬಂದು ಬಾಗಿಲಿಗೆ ಒರಗಿ ನಿಂತ. ಮಾಮನ ಮುಖದಲ್ಲಿ ಯಾವತ್ತಿನ ನಗು ಇರಲಿಲ್ಲ.

"ಅಕ್ಕಾ, ಟೌನ್ ಹಾಲಿಗೆ ಹೋಗಿದ್ದೆ. ನಮ್ಮ ಸಾಲಿನ ತಲೆ ಮೇಲೆ ಒಂದು ಕಾಡೇ ಬೆಳೆದುಬಿಟ್ಟಿದೆ. ಅಷ್ಟು ಬಾವುಟ!"

ಅಮ್ಮನ ತುಟಿಗಳ ನಡುವೆ ಗುಂಡುಪಿನ್ನು ಇತ್ತು. ಅವರು ಅದನ್ನು ತೆಗೆದು ನಿಧಾನವಾಗಿ ಬಟ್ಟೆಗೆ ಸಿಕ್ಕಿಸಿದರು. "ಹಾಗಂದ್ರೆ ಅಂಗಡಿ ಹೋಗುತ್ತಾ?"

"ಹೊಸ ಕಾಂಪ್ಲೆಕ್ಸಲ್ಲಿ ಕೊಡ್ತಾರಂತೆ. ಎರಡನೇ ಮಹಡೀಲಿ."

"ಚೆನ್ನಾಯ್ತು. ಜಿಪ್ ಹಾಳಾದ ಪ್ಯಾಂಟ್ ಹಿಡ್ಕೊಂಡು ಯಾರಪ್ಪಾ ಎರಡು ಮಹಡಿ ಹತ್ತುತಾರೆ?"

ಮಾಮ ನಕ್ಕ. ಅಮ್ಮ ನಗಲಿಲ್ಲ. ಮಿಷಿನ್ನಿನ ಕೆಳಗಿಂದ ಕಡ್ಡಿ ತಲೆ ಹೊರಗೆ ಹಾಕಿದಳು.

"ಇಲ್ಲ ಮಾಮ! ನಾವೆಲ್ಲ ಟಾಕೀಸಿಗೆ ಹಾಕಿದ್ದು. ಇಡೀ ಕ್ಲಾಸು!"

"ಟಾಕೀಸಿನ ಮೇಲೆ ಒಂದೂ ಇಲ್ಲ ಮಗಾ. ಬೋಳು ತಲೆ ಥರ ಇದೆ."

ಕಡ್ಡಿಗೆ ಏನೂ ಅರ್ಥವಾಗಲಿಲ್ಲ. ಯಾರಾದರೂ ಬಾವುಟ ಕಿತ್ತು ಬೇರೆ ಕಡೆ ಹಾಕಿದರೇ? ಮಾಮನಿಗೇ ಕಣ್ಣು ಸರಿಯಾಗಿ ಕಾಣಿಸಲಿಲ್ಲವೇ? ಅಮ್ಮ ಮತ್ತೆ ಮಿಷಿನ್ ತುಳಿಯತೊಡಗಿದರು. ಹೊಲಿಗೆ ಸೊಟ್ಟಗೆ ಹೋಯಿತು. ಬಿಚ್ಚಿದರು. ಮತ್ತೆ ಹೊಲಿದರು. ಅದೂ ಸೊಟ್ಟಗೆ ಹೋಯಿತು.

ಮರುದಿನ ಶಾಲೆ ಬಿಟ್ಟಕೂಡಲೇ ಕಡ್ಡಿ ಟೌನ್ ಹಾಲಿಗೆ ಓಡಿದಳು. ಹಿಂದೆ ರೇಡಿಯೋ. ಅವನ ಹಿಂದೆ ಯಾರೂ ಕರೆಯದಿದ್ದರೂ ಪಿಸು.

ಇವತ್ತು ಜನ ಇರಲಿಲ್ಲ. ಮೂವರೂ ಮೇಜಿನ ಮುಂದಿನ ಕಡೆಗೇ ಹೋಗಿ ನಿಂತರು. ಗಡಿಯಾರದ ಬಲಕ್ಕಿದ್ದ ಡಬ್ಬ ಬೋಳಾಗಿತ್ತು. ಬಾವುಟಗಳೆಲ್ಲ ಎಡಕ್ಕಿದ್ದವು.

"ಅಯ್ಯೋ," ಎಂದ ರೇಡಿಯೋ. "ಕಡ್ಡೀ, ನಿನ್ನೆ ನಾವು ಆಚೆ ಕಡೆ ನಿಂತಿದ್ವಿ ಕಣೇ! ಹಿಂದ್ಗಡೆಯಿಂದ ನೋಡಿದ್ರೆ ಬಲ ಎಡ ಆಗುತ್ತೆ!"

ಕಡ್ಡಿ ಮೇಜು ಸುತ್ತಿ ಆಚೆ ಹೋದಳು. ನೋಡಿದಳು. ಈಚೆ ಬಂದಳು. ಮತ್ತೆ ನೋಡಿದಳು. ಅಮ್ಮನ ಅಂಗಡಿಯ ಮೇಲೆ ಮೊದಲ ಬಾವುಟ ಚುಚ್ಚಿದವಳು ಅವಳೇ.

ಪ್ಲಾನ್ ಮೇಡಂ ಟೀ ಲೋಟ ಹಿಡಿದು ಬಂದರು. "ಏನ್ ಹುಡುಕ್ತಿದ್ದೀರಾ?"

"ಮೇಡಂ, ನಾವು ತಪ್ಪು ಕಡೆ ನಿಂತು ಹಾಕ್ಬಿಟ್ವಿ. ಎಲ್ಲಾನೂ ತೆಗೀಬಹುದಾ?"

ಮೇಡಂ ಲೋಟ ಕೆಳಗಿಟ್ಟರು. ಮಾತು ಪೂರ್ತಿ ಕೇಳಿಸಿಕೊಂಡರು. ಬಯ್ಯಲಿಲ್ಲ. "ಛೆ, ಅಂಗಡಿಗಳ ಹೆಸರು ಅಂಟಿಸ್ಬೇಕಿತ್ತು ನಾನು," ಎಂದು ತಮಗೆ ತಾವೇ ಹೇಳಿಕೊಂಡರು. "ಬಾವುಟ ನೋಡೇ ಎಲ್ಲಾ ತೀರ್ಮಾನ ಮಾಡಲ್ಲಮ್ಮ, ಅಂಗಡಿಯವರನ್ನೂ ಕೇಳ್ತೀವಿ. ನಿನ್ನದನ್ನ ನೀನು ತೆಗೆದು ಬೇರೆ ಕಡೆ ಇಡು. ಬೇರೆಯವರದ್ದು ಅವರೇ ಬಂದು ತೆಗೀಬೇಕು. ಶನಿವಾರದವರೆಗೂ ಟೈಮ್ ಇದೆ."

"ನಾಳೆ ಕ್ಲಾಸಲ್ಲಿ ನಾನು ಹೇಳ್ತೀನಿ!" ಎಂದ ರೇಡಿಯೋ. "ಒಂದೇ ನಿಮಿಷ ಸಾಕು, ಎಲ್ಲಾ ಟಾಕೀಸಿಗೆ ಶಿಫ್ಟ್!"

ಅವನು ತನ್ನ ಬಾವುಟ ಕಿತ್ತೇಬಿಟ್ಟ. ಕಡ್ಡಿಯೂ ಕಿತ್ತಳು.

"ಟಾಕೀಸಲ್ಲಿ ನಾವಿದ್ದೀವಿ," ಎಂದಳು ಪಿಸು.

ಹಾಲ್ ಖಾಲಿಯಿದ್ದುದರಿಂದ ಆ ಮಾತು ಸರಿಯಾಗಿ ಕೇಳಿಸಿತು.

"ನೀವಾ? ಬಾವಲಿ ಜೊತೆಗಾ?" ರೇಡಿಯೋ ಬಾಯಿ ತೆರೆದುಕೊಂಡೇ ಇದ್ದ.

"ಹಿಂದ್ಗಡೆ ಒಂದು ರೂಮಿದೆ. ನಮ್ಮಪ್ಪ ಅಲ್ಲಿ ವಾಚ್‌ಮನ್." ಪಿಸು ನೆಲ ನೋಡುತ್ತ ಹೇಳಿದಳು. "ಎಲ್ಲರೂ ನೋಡ್ತಿದ್ರಲ್ಲ, ಅದಕ್ಕೆ ನಾನೂ ಹಾಕ್ದೆ. ರಾತ್ರಿ ಅಪ್ಪ ಬಂದು, ಟಾಕೀಸಿನ ಮೇಲೆ ಒಂದೂ ಇಲ್ಲ ಅಂದ್ರು. ನಂಗೆ ತುಂಬಾ ಖುಷಿ ಆಯ್ತು. ಬೆಳಿಗ್ಗೆ ಕ್ಲಾಸಲ್ಲಿ ನೀನು, ನಿಮ್ಮಮ್ಮನ ಅಂಗಡಿ ಹೋಗುತ್ತೆ ಅಂದೆ. ಆಮೇಲೆ ಖುಷಿ ಪಡ್ಬೇಕೋ ಬೇಡ್ವೋ ನಂಗೇ ಗೊತ್ತಾಗ್ಲಿಲ್ಲ."

ಕಡ್ಡಿಗೂ ಗೊತ್ತಾಗಲಿಲ್ಲ. ಪಿಸು ಮೇಲೆ ಸಿಟ್ಟು ಬರಬೇಕೋ, ಪಾಪ ಅನ್ನಿಸಬೇಕೋ? ಅಂಗಡಿ ಉಳಿಯಬೇಕು, ಅದು ನಿಜ. ಪೂಲಿನಲ್ಲಿ ಧುಮುಕಬೇಕು ಎಂಬ ಆಸೆ ಇನ್ನೂ ಹೋಗಿರಲಿಲ್ಲ, ಅದೂ ನಿಜ.

"ನಮ್ಮ ಸ್ಕೂಲ್ ಮೇಲೇ ಹಾಕಿಬಿಡೋಣ," ಎಂದ ರೇಡಿಯೋ. "ಮ್ಯಾಥ್ಸ್ ಇರಲ್ಲ."

ಯಾರೂ ನಗಲಿಲ್ಲ. ಮೇಡಂ ಮಾತ್ರ ಸ್ವಲ್ಪ ನಕ್ಕರು.

ಕಡ್ಡಿ ಮೇಜಿನ ಅಂಚಿಗೆ ಗಲ್ಲ ಊರಿ ಕೂತಳು. "ನಿಮ್ಮ ರೂಮ್ ಎಲ್ಲಿ ತೋರ್ಸು."

ಪಿಸು ಟಾಕೀಸಿನ ಹಿಂದೆ ಬೆರಳಿಟ್ಟಳು. ಅಲ್ಲಿ ಬರೀ ಹಸಿರು ಕಾಗದ ಅಂಟಿಸಿತ್ತು.

"ಇಲ್ಲಿ ಏನೂ ಇಲ್ವಲ್ಲ."

"ಇದೆ. ಇದ್ರಲ್ಲಿ ಮಾಡಿಲ್ಲ ಅಷ್ಟೆ."

ಕಡ್ಡಿ ಬಸ್ ನಿಲ್ದಾಣದ ಪಕ್ಕದ ಡಬ್ಬ ನೋಡಿದಳು. "ಇದ್ರೊಳಗೆ ಯಾರಿದಾರೆ?"

"ಗೊತ್ತಿಲ್ಲ," ಎಂದ ರೇಡಿಯೋ.

"ಇದ್ರಲ್ಲಿ?"

ಅದೂ ಅವನಿಗೆ ಗೊತ್ತಿರಲಿಲ್ಲ.

"ಬಾವುಟ ಎಲ್ಲಿಡ್ತೀಯಾ?" ಮೇಡಂ ಕೇಳಿದರು.

"ಈಗ ಇಡಲ್ಲ ಮೇಡಂ. ಇನ್ನೂ ನೋಡ್ಬೇಕು."

ಮೂವರೂ ಹೊರಗೆ ಬಂದರು. ಬಸ್ ನಿಲ್ದಾಣದ ಪಕ್ಕದ ಕಟ್ಟಡಕ್ಕೆ ನೀಲಿ ಬಾಗಿಲಿತ್ತು. ದಿನವೂ ಅದರ ಮುಂದೆಯೇ ಓಡಾಡುತ್ತಿದ್ದರೂ ಬಾಗಿಲು ನೀಲಿ ಎಂಬುದು ಕಡ್ಡಿಗೆ ಗೊತ್ತಿರಲಿಲ್ಲ. ಹೊಸ್ತಿಲ ಹತ್ತಿರ ಮೂರು ಜೊತೆ ಚಪ್ಪಲಿ. ಒಂದು ಜೊತೆ ತುಂಬಾ ಪುಟ್ಟದು.

ಕಡ್ಡಿ ಬಾವುಟವನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯಿಂದ ಬಾಗಿಲು ತಟ್ಟಿದಳು.